ಪಾಠ ಒಂದರ ಪಂಡಿತೆ

ಬೆಳಿಗ್ಗೆ ಏಳಕ್ಕೆ ಮುಂಚೆ ನಳಿನಾಕ್ಷಿಯ ಬಾಗಿಲು ತಟ್ಟುವವರು ಯಾರೂ ಒಳಗೆ ಬಂದು ಕೂರುವವರಲ್ಲ. ಒಂದು ಮಗು, ಒಂದು ಚೀಲ, ಒಂದು ಹಾಲಿನ ಬಾಟಲಿ, ಇಷ್ಟನ್ನು ಹೊಸಿಲಿನಾಚೆಯಿಂದಲೇ ದಾಟಿಸಿ, “ಆಂಟಿ, ಥೋಡಾ ಸರ್ದಿ ಹೈ” ಎಂದು ನೆಗಡಿಯ ಅರ್ಧ ವರದಿ ಒಪ್ಪಿಸಿ, ಉಳಿದರ್ಧವನ್ನು ಮೆಟ್ಟಿಲ ಮೇಲೆಲ್ಲ ಚೆಲ್ಲುತ್ತ ಸ್ಟೇಷನ್ನಿಗೆ ಓಡುವವರು. ಠಾಣೆ ಪಟ್ಟಣದ ಕಡೆ ಹೋಗುವ ಲೋಕಲ್ ರೈಲು ಯಾರ ಮಗುವಿನ ಮೂಗಿಗಾಗಿಯೂ ಕಾಯುವುದಿಲ್ಲ. ಮೂಗು ಒರೆಸಲು ನಳಿನಾಕ್ಷಿ ಇದ್ದಳು. ಠಾಕುರ್ಲಿಯಲ್ಲಿ ಅವಳಷ್ಟು ಠಾಕುಠೀಕಿನ ಹೆಂಗಸು ಇನ್ನೊಬ್ಬಳಿರಲಿಲ್ಲ.

ಮರಾಠಿಯವರು ಇಂಥ ಮನೆಗೆ ಪಾಳಣಾಘರ ಎನ್ನುತ್ತಾರೆ, ತೊಟ್ಟಿಲಮನೆ. ಅಲ್ಲಿ ತೊಟ್ಟಿಲೇನೂ ಇರಲಿಲ್ಲ. ಒಂದು ಹಾಲು (ಕುಡಿಯುವುದಲ್ಲ, ಕೂರುವುದು), ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಬಾಲ್ಕನಿ. ನಳಿನಾಕ್ಷಿ ಹೆಜಮಾಡಿಯಿಂದ ಮದುವೆಯಾಗಿ ಬಂದವಳು. ಗಂಡ ಬೂಬ, ಡೊಂಬಿವಲಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಡೊಂಬಿವಲಿಯ ದೊಂಬಿಯನ್ನೆಲ್ಲ ಹಗಲಿಡೀ ನೋಡಿ ಅವನಿಗೆ ಮನೆಯಲ್ಲಿ ಮಾತು ಬೇಡವಾಗಿತ್ತು. ಮಗ ಜಯೇಶ ಕೆಲಸಕ್ಕೆ ಸೇರಿ ವಾಶಿಯಲ್ಲೇ ರೂಮು ಮಾಡಿದ ವರ್ಷ, ಎದುರುಮನೆಯ ಹುಡುಗಿಯೊಬ್ಬಳು “ಇವತ್ತೊಂದು ದಿನ ನೋಡಿಕೊಳ್ಳಿ” ಎಂದು ತನ್ನ ಕೂಸನ್ನು ಬಿಟ್ಟುಹೋದಳು. ಆ ‘ಇವತ್ತೊಂದು ದಿನ’ ವರ್ಷಗಳು ಕಳೆದರೂ ಮುಗಿಯಲೇ ಇಲ್ಲ. ಆ ಕೂಸಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಹೀಗೆ ರೈಲಿಗೆ ಡಬ್ಬಿ ಸೇರಿದ ಹಾಗೆ ಸೇರುತ್ತ ಹೋದವು.

ಮಕ್ಕಳ ಜೊತೆ ಅವಳು ಮಾತಾಡುತ್ತಿದ್ದುದು ತುಳು. ಮಕ್ಕಳ ಹೊಟ್ಟೆಯೇನು ಭಾಷೆ ಕೇಳಿ ಹಸಿಯುತ್ತದೆಯೇ? ಬಂಗಾಳಿ ಮಗುವೊಂದು ರಜೆಯ ದಿನ ಮನೆಯಲ್ಲಿ “ನುಪ್ಪು, ನುಪ್ಪು” ಎಂದು ಹಟ ಹಿಡಿದಾಗ, ಕೋಲ್ಕತ್ತಾದಿಂದ ಬಂದಿದ್ದ ಅದರ ಅಜ್ಜಿ ‘ನುಪ್ಪು’ ಎಂಬ ಆಟಿಕೆಗಾಗಿ ಮಂಚದಡಿಯೆಲ್ಲ ಹುಡುಕಿದ್ದಳಂತೆ. ತುಳುವಿನಲ್ಲಿ ನುಪ್ಪು ಅಂದರೆ ಅನ್ನ. ಅದು ಕುಕ್ಕರಿನಲ್ಲಿ ಬೆಚ್ಚಗೆ ಕೂತಿತ್ತು.

ಎರಡು ಸಾವಿರದ ಎಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಗಲ್ಲಿಯ ಮೂಲೆಯಲ್ಲಿ ‘ಜೆಂಟಲ್ ಜಂಬೋ ಪ್ಲೇಸ್ಕೂಲ್ ಅಂಡ್ ಡೇ ಕೇರ್’ ತೆರೆಯಿತು. ಗೋಡೆಯ ಮೇಲೆ ಟೈ ಕಟ್ಟಿದ ಆನೆ. ಆನೆಯ ಬಾಯಿಂದ ಗುಳ್ಳೆ ಗುಳ್ಳೆಯಾಗಿ ಇಂಗ್ಲಿಷ್ ಹೊರಡುತ್ತಿತ್ತು. ನಳಿನಾಕ್ಷಿ ತರಕಾರಿ ಚೀಲ ಹಿಡಿದು ಅದರ ಮುಂದೆ ನಿಂತು, ಇಷ್ಟು ದೊಡ್ಡ ಪ್ರಾಣಿಗೂ ಇಂಗ್ಲಿಷ್ ಬಂತಲ್ಲ ಎಂದುಕೊಂಡು ಮುಂದೆ ಹೋದಳು. ಆನೆ ತನ್ನ ಮನೆಗೇ ಕಾಲಿಡುತ್ತದೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಕಾಲಿಟ್ಟದ್ದು ಮಾನಸಿಯ ಮೂಲಕ. ಮಾನಸಿ ಕಾರ್ಕಳದವರ ಮಗಳು, ಹುಟ್ಟಿ ಬೆಳೆದದ್ದು ಡೊಂಬಿವಲಿ. ತುಳು, ಕನ್ನಡ ಎರಡೂ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಹಿಂದಿ ಬೆರೆತೇ ಬರುತ್ತಿತ್ತು. ಠಾಣೆಯಲ್ಲಿ ಆಫೀಸು. ಮಗಳು ನಿಶ್ಮಿತಾಳಿಗೆ ಆರು ತಿಂಗಳಿದ್ದಾಗಲೇ ನಳಿನಾಕ್ಷಿಯ ಮಡಿಲಲ್ಲಿ ಹಾಕಿ ಹೋದವಳು. ಈಗ ನಿಶುವಿಗೆ ಮೂರು ತುಂಬಿತ್ತು. ಒಂದು ಸಂಜೆ ಮಗಳನ್ನು ಕರೆದೊಯ್ಯಲು ಬಂದ ಮಾನಸಿ ಚಪ್ಪಲಿ ಬಿಚ್ಚಿ ಒಳಗೆ ಬಂದು ಕೂತಳು. ಕೂತದ್ದೇ ನಳಿನಾಕ್ಷಿಗೆ ಏನೋ ಇದೆ ಎನಿಸಿತು.

“ಆಂಟಿ, ಬುರಾ ಮತ್ ಮಾನೊ, ಬೇಜಾರು ಮಾಡ್ಕೋಬೇಡಿ. ನಿಶು ನಿನ್ನೆ ಪಪ್ಪನಿಗೆ ‘ಇತ್ತೆ ಜೆಪ್ಪುಲೆ’ ಅಂದಳು.”

“ಈಗ ಮಲಗಿ ಅಂದಳಾ? ಒಳ್ಳೆಯದೇ ಹೇಳಿದ್ದಾಳೆ. ನಿನ್ನ ಗಂಡ ಸೂರಜ್ ಐರೋಳಿಯ ಡ್ಯೂಟಿ ಮುಗಿಸಿ ಬಂದು ಟೀವಿ ಮುಂದೆ ಕೂರ್ತಾನೆ ಅಂತ ನೀನೇ ಹೇಳ್ತಿದ್ದಿ.”

“ಅಚ್ಛಾ ಹೈ, ಆಂಟಿ. ಪರ್ ಅಡ್ಮಿಶನ್ ಮೆ ತುಳು ಕೌನ್ ಪೂಛೇಗಾ?”

ಅಡ್ಮಿಶನ್ನಿನಲ್ಲಿ ತುಳು ಯಾರು ಕೇಳುತ್ತಾರೆ ಎಂಬುದು ಅವಳ ಚಿಂತೆ. ಮಾನಸಿ ಅಳುಕುತ್ತಲೇ ಮಾತು ಮುಗಿಸಿದಳು. ಜೂನಿನ ಅಡ್ಮಿಶನ್ನಿಗಾಗಿ ಕ್ರಿಸ್‌ಮಸ್ಸಿನ ಹೊತ್ತಿಗೆ ಜಂಬೋದಲ್ಲಿ ಮಕ್ಕಳನ್ನು ಮಾತಾಡಿಸಿ ನೋಡುತ್ತಾರೆ. ಅಷ್ಟರೊಳಗೆ ನಿಶುವಿನ ಬಾಯಿಂದ ನಾಲ್ಕು ಇಂಗ್ಲಿಷ್ ಮಾತು ಬರದಿದ್ದರೆ, ಹೊಸ ವರ್ಷದಿಂದ ಬೆಳಗಿನಿಂದ ಸಂಜೆಯವರೆಗೂ ಅವಳು ಅಲ್ಲಿನ ಡೇ ಕೇರಿನಲ್ಲೇ.

ರಾತ್ರಿ ಊಟಕ್ಕೆ ಬಡಿಸುವಾಗಲೂ ನಳಿನಾಕ್ಷಿಯ ತಲೆಯಲ್ಲಿ ಅದೇ. ನಿಶು ಹೋದರೆ ನಿಶು ಒಬ್ಬಳೇ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಅಮ್ಮಂದಿರೆಲ್ಲ ಹೋಗುವುದು ಒಂದೇ ಲೋಕಲ್ಲಿನ ಒಂದೇ ಲೇಡೀಸ್ ಡಬ್ಬಿಯಲ್ಲಿ. ಅದು ಬಟಾಣಿ ಸುಲಿಯುತ್ತ ನಡೆಯುವ ಪಾರ್ಲಿಮೆಂಟು. ಮುಂಬ್ರಾದಲ್ಲಿ ಮಂಡಿಸಿದ್ದು ಠಾಣೆಯಲ್ಲಿ ಪಾಸಾಗುತ್ತದೆ.

“ನಿಮಗೆ ಇಂಗ್ಲಿಷ್ ಬರ್ತದಾ?” ಎಂದು ಗಂಡನನ್ನು ಕೇಳಿದಳು.

“ಬಿಲ್ಲಿನಷ್ಟು ಬರ್ತದೆ,” ಎಂದ ಬೂಬ. “‘ಥ್ಯಾಂಕ್ಯೂ, ವಿಸಿಟ್ ಅಗೇನ್’. ಅದನ್ನೂ ಮೆಷಿನ್ನೇ ಪ್ರಿಂಟ್ ಮಾಡಿ ಕೊಡ್ತದೆ.”

“ನಾನು ಕಲೀತೇನೆ.”

ಬೂಬ ಮೀನಿನ ಮುಳ್ಳು ತೆಗೆಯುವುದನ್ನು ನಿಲ್ಲಿಸಿ ಹೆಂಡತಿಯನ್ನು ನೋಡಿದ. “ಕಲಿ ಮಾರಾಯ್ತಿ. ಆದರೆ ಬಯ್ಯುವಾಗ ತುಳುವಿನಲ್ಲೇ ಬಯ್ಯಿ. ನನಗೆ ಅರ್ಥ ಆಗಬೇಕಲ್ಲ.”

ಕಲ್ಯಾಣದ ಒಂದು ಕನ್ನಡ ಸಂಘದಲ್ಲಿ ಭಾನುವಾರ ಸಂಜೆ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಹೇಳಿಕೊಡುವವರು ಅಂಬಾರಾಯ ಮಾಸ್ತರರು. ಕಲಬುರಗಿ ಕಡೆಯವರು, ರೈಲ್ವೆ ಪಾರ್ಸಲ್ ಆಫೀಸಿನಿಂದ ನಿವೃತ್ತರು. ಕಲಿಯುವವರಲ್ಲಿ ಹೆಚ್ಚಿನವರು ಶಹಾಡಿನ ಗೋದಾಮುಗಳಲ್ಲಿ ಲೋಡಿಂಗ್ ಮಾಡುವವರು, ಕಟ್ಟಡದ ಕೆಲಸದವರು. ಒಳಗೆ ಬಂದ ನಳಿನಾಕ್ಷಿ ಎಬಿಸಿಡಿಗೆ ಸಿದ್ಧಳಾಗಿ ಕೂತಳು. ಮಾಸ್ತರರು ಬೋರ್ಡಿನ ಮೇಲೆ ‘ಪಾಠ ಒಂದು’ ಎಂದು ಬರೆದು ಬೇರೆಯೇ ಬಾಗಿಲು ತೆರೆದರು.

“ನೋಡ್ರೀ, ಮಂದಿ ಮನೀಗೆ ಹೋದ್ರ ಸೀದಾ ಅಡಗಿಮನಿಗಿ ನುಗ್ತೀರೇನು? ಮೊದಲ ‘ಬರ್ಲಾ’ ಅಂತ ಕೇಳ್ತೀರಿ. ಇಂಗ್ಲಿಷಿಗೂ ಹಂಗ. ಮೊದಲ ಕಲಿಯೂದು ‘ನಾ ಕಲೀಲಿಕ್ಕತ್ತೀನಿ’ ಅಂತ ಹೇಳೂದು. ಅಂದ್ರ ಯಾರೂ ನಗೂದಿಲ್ಲ. ನಕ್ರ ಅದು ಅವರ ಮಿಸ್ಟೇಕು. ಹೇಳ್ರಿ, ಐ ಆಮ್ ಲರ್ನಿಂಗ್ ಇಂಗ್ಲಿಷ್!”

“ಐ ಆಮ್ ಲರ್ನಿಂಗ್ ಇಂಗ್ಲಿಷ್!” ಎಂದು ಇಡೀ ಕೋಣೆ ಗೋಣಿಚೀಲ ಎತ್ತುವ ದಮ್ಮಿನಲ್ಲಿ ಕೂಗಿತು.

ಆಮೇಲೆ ಒಂದೊಂದಾಗಿ ಬಂದವು. ಯಾರಾದರೂ ಗಡಗಡ ಮಾತಾಡಿದರೆ, ‘ಪ್ಲೀಸ್ ಸ್ಪೀಕ್ ಸ್ಲೋಲಿ’. ತಿಳಿಯದಿದ್ದರೆ, ‘ಕುಡ್ ಯೂ ಸೇ ದಟ್ ಅಗೇನ್?’ ಹೆಸರು ಗೊತ್ತಿಲ್ಲದ ವಸ್ತು ಕಂಡರೆ, ‘ವಾಟ್ ಡೂ ಯೂ ಕಾಲ್ ದಿಸ್ ಇನ್ ಇಂಗ್ಲಿಷ್?’ ತಪ್ಪಿದರೆ, ‘ಪ್ಲೀಸ್ ಕರೆಕ್ಟ್ ಮೀ’. ಅರ್ಥವಾಗುತ್ತದೆ, ಸರಾಗವಾಗಿ ಆಡಲು ಬರುವುದಿಲ್ಲ ಅನ್ನುವವರಿಗೆ, ‘ಐ ಕ್ಯಾನ್ ಫಾಲೋ ಎ ಲಿಟಲ್, ಬಟ್ ಐ ಆಮ್ ನಾಟ್ ಫ್ಲೂಯೆಂಟ್’. ಕೊನೆಗೆ ಬೆನ್ನು ತಟ್ಟಿಕೊಳ್ಳಲು, ‘ಐ ಆಮ್ ಗೆಟಿಂಗ್ ಬೆಟರ್’.

ಮುಂದಿನ ಭಾನುವಾರ ನಳಿನಾಕ್ಷಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು, ಪಾಠ ಎರಡರ ಆಸೆಯಿಂದ ಮುಂದಿನ ಬೆಂಚಿನಲ್ಲಿ ಕೂತಳು. ಬಾಗಿಲಲ್ಲಿ ಹೊಸ ಮುಖಗಳು ಕಂಡವು. ಮಾಸ್ತರರ ಮುಖ ಅರಳಿತು.

“ಬರ್ರಿ ಬರ್ರಿ, ಕುಂದರ್ರಿ. ಇವತ್ತ ಹೊಸಾ ಮಂದಿ ಬಂದಾರ. ಅವರಿಗೆ ಹಿಂದ ಬಿದ್ದೀವಿ ಅನ್ನಸಬಾರದು. ಮತ್ತ ಮೊದಲಿಂದ ಹಿಡಿಯೋಣು.”

ಅದರ ಮುಂದಿನ ವಾರವೂ ಹೊಸಬರು. ಗೋದಾಮುಗಳಲ್ಲಿ ಪಾಳಿ ಬದಲಾಗುತ್ತಲೇ ಇರುತ್ತಿತ್ತು. ಹೋದ ವಾರದವರು ಈ ವಾರ ಡ್ಯೂಟಿಯಲ್ಲಿ, ಈ ವಾರದವರು ಹೊಸಬರು. ಯಾರೂ ಹಿಂದೆ ಬೀಳಬಾರದೆಂಬ ಮಾಸ್ತರರ ದಯೆಯಿಂದಾಗಿ ಯಾರೂ ಮುಂದೆ ಹೋಗಲಿಲ್ಲ. ದಸರಾ ಬಂತು, ದೀಪಾವಳಿ ಹೋಯಿತು. ಕ್ಲಾಸು ಕಲ್ಯಾಣ ಬಿಟ್ಟು ಹೊರಡಲಿಲ್ಲ.

ನಳಿನಾಕ್ಷಿ ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದಳು. “ಮಾಸ್ತರ್ರೇ, ಎರಡನೇ ಪಾಠ ಅಂತ ಒಂದು ಉಂಟಾ?”

“ಅದ ರೀ ತಾಯೀ. ಮಸ್ತ್ ಅದ. ಆದ್ರ ಬುನಾದಿ ಗಟ್ಟಿ ಆಗ್ಲಿ.”

ಪಕ್ಕದ ಬೆಂಚಿನ ಮಾಪಣ್ಣ, ಶಹಾಡಿನಲ್ಲಿ ಸಿಮೆಂಟ್ ಚೀಲ ಹೊರುವವನು, ಎದ್ದು ನಿಂತ. “ಸರ, ನಿಮ್ಮ ಪಾಠದಿಂದ ನನಗ ಲುಕ್ಸಾನ ಆಗ್ಯಾದ.”

“ಯಾಕೋ?”

“ನಮ್ಮ ಸೂಪರ್‌ವೈಸರ್ ಇಂಗ್ಲಿಷದಾಗ ಬಯ್ಯಾಂವ. ನನಗೇನೂ ತಿಳೀತಿರ್ಲಿಲ್ಲ, ಆರಾಮ ಇದ್ದೆ. ಮನ್ನಿ ‘ಪ್ಲೀಸ್ ಸ್ಪೀಕ್ ಸ್ಲೋಲಿ’ ಅಂದೆ. ಬಿಡಿಸಿ ಬಿಡಿಸಿ ಬೈದ. ಈಗ ಎಲ್ಲಾ ತಿಳೀತಾವ.”

ನಳಿನಾಕ್ಷಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಭುಜ ಕುಲುಕಿಸಿ ನಕ್ಕಳು.

ಆದರೆ ಒಂದೇ ಪಾಠವನ್ನು ಅಷ್ಟು ವಾರ ತಿಕ್ಕಿದರೆ ತಾಮ್ರವೂ ಹೊಳೆಯುತ್ತದೆ. ನಳಿನಾಕ್ಷಿಯ ಪಾಠ ಒಂದು ಎಷ್ಟು ಹೊಳೆಯತೊಡಗಿತೆಂದರೆ, ತನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ಇಡೀ ಠಾಕುರ್ಲಿಯಲ್ಲಿ ಅವಳಷ್ಟು ಸೊಗಸಾದ ಇಂಗ್ಲಿಷಿನಲ್ಲಿ ಹೇಳುವವರಿರಲಿಲ್ಲ. ಅದೇ ತೊಂದರೆಯಾಯಿತು. ಒಂದು ಮಧ್ಯಾಹ್ನ ಕ್ರೆಡಿಟ್ ಕಾರ್ಡ್ ಮಾರುವ ಹುಡುಗಿ ಫೋನ್ ಮಾಡಿದಾಗ ನಳಿನಾಕ್ಷಿ, “ಐ ಆಮ್ ಸಾರಿ, ಐ ಕ್ಯಾನ್ ಫಾಲೋ ಎ ಲಿಟಲ್, ಬಟ್ ಐ ಆಮ್ ನಾಟ್ ಫ್ಲೂಯೆಂಟ್,” ಎಂದಳು. ಹುಡುಗಿ ಕಿಲಕಿಲ ನಕ್ಕು, ಮೇಡಂ ಎಷ್ಟು ವಿನಯ ನಿಮ್ಮದು ಎಂದು ಇಂಗ್ಲಿಷಿನಲ್ಲೇ ಹೊಗಳಿ, ಚಿನ್ನದ ಕಾರ್ಡಿನಿಂದ ಪ್ಲಾಟಿನಂ ಕಾರ್ಡಿಗೆ ಏರಿದಳು. ನಳಿನಾಕ್ಷಿ “ಕುಡ್ ಯೂ ಸೇ ದಟ್ ಅಗೇನ್?” ಎಂದದ್ದು ಆಸಕ್ತಿಯ ಲಕ್ಷಣವಾಗಿ ಕಂಡಿತು. ಕೊನೆಗೆ ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದಿದ್ದ ಬೂಬ ರಿಸೀವರ್ ಕಸಿದುಕೊಂಡು, “ಥ್ಯಾಂಕ್ಯೂ, ವಿಸಿಟ್ ಅಗೇನ್,” ಎಂದು ಇಟ್ಟುಬಿಟ್ಟ.

ಮನೆಯಲ್ಲಿ ಅಭ್ಯಾಸ ಮಾಡಲು ಗಂಡನೂ ಬೇಕಿತ್ತು. “ನಾನು ತಪ್ಪು ಮಾಡಿದರೆ ನೀವು ಹೇಳಬೇಕು. ಪ್ಲೀಸ್ ಕರೆಕ್ಟ್ ಮೀ.”

“ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಪರ್ಮಿಶನ್ ಸಿಕ್ಕಿತಾ?” ಎಂದ ಬೂಬ. “ಇರು, ಎಲ್ಲಿಂದ ಶುರು ಮಾಡುವುದು ಅಂತ ಯೋಚನೆ ಮಾಡ್ತೇನೆ.”

ಮಕ್ಕಳಿಗೆ ಬೇರೇನು ಕಲಿಸಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆಪಲ್, ಬಾಲ್ ಎಂದು ಕಲಿಸಲು ತನಗೇ ಧೈರ್ಯವಿರಲಿಲ್ಲ. ಮಾಸ್ತರರು ಆ ಸ್ಟೇಷನ್ ತಲುಪಿರಲೇ ಇಲ್ಲವಲ್ಲ. ಇದ್ದ ಬಂಡವಾಳವನ್ನೇ ಬಡಿಸಿದಳು. ಅನ್ನ ಕಲಸುತ್ತ “ಐ ಆಮ್ ಲರ್ನಿಂಗ್ ಇಂಗ್ಲಿಷ್” ಅನ್ನುವಳು, ಮಕ್ಕಳು ತುತ್ತಿನ ಜೊತೆ ಅದನ್ನೂ ನುಂಗುವರು. ಕೆಸುವಿನೆಲೆಯ ಪತ್ರೊಡೆ ಮಾಡಿದ ದಿನ ತಟ್ಟೆ ಎತ್ತಿ ಹಿಡಿದು, “ವಾಟ್ ಡೂ ಯೂ ಕಾಲ್ ದಿಸ್ ಇನ್ ಇಂಗ್ಲಿಷ್?” ಎಂದು ಕೇಳಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ, ಅದೇ ಪ್ರಶ್ನೆಯನ್ನು ಸೌಟಿಗೆ, ಕಿಟಕಿಗೆ, ಮಧ್ಯಾಹ್ನದ ಬಿಡುವಿನಲ್ಲಿ ಮಲಗಿದ್ದ ಬೂಬನ ಹೊಟ್ಟೆಗೆ ಬೆರಳಿಟ್ಟು ಕೇಳಿದವು. ಉತ್ತರ ಯಾರಿಗೂ ಬೇಕಿರಲಿಲ್ಲ. ಕೇಳುವುದೇ ಒಂದು ಆಟವಾಯಿತು. ಯಾರಾದರೂ ಎಡವದೆ ಹೇಳಿದರೆ ನಳಿನಾಕ್ಷಿ ಕೆನ್ನೆ ಚಿವುಟಿ, “ಯೂ ಆರ್ ಗೆಟಿಂಗ್ ಬೆಟರ್!” ಎನ್ನುವಳು. ‘ಐ ಆಮ್’ ಅನ್ನು ‘ಯೂ ಆರ್’ ಮಾಡಿದ್ದು ಮಾತ್ರ ಅವಳ ಸ್ವಂತ ಸಂಪಾದನೆ.

ಡಿಸೆಂಬರ್ ಬಂತು. ಒಂದು ಶನಿವಾರ ಜಂಬೋದವರು ಕರೆದರು. ನಿಶು ಅಮ್ಮನ ಕೈ ಹಿಡಿಯಲು ಒಪ್ಪಲಿಲ್ಲ. “ಮಾಮಿ ಬರ್ಲಿ” ಎಂದು ನಳಿನಾಕ್ಷಿಯ ಸೆರಗಿಗೆ ಜೋತುಬಿದ್ದಳು. ಹಾಗೆ ನಳಿನಾಕ್ಷಿ ತನ್ನ ಸೋಲನ್ನು ಕಣ್ಣಾರೆ ನೋಡಲು, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗಬೇಕಾಯಿತು.

ಒಳಗೆ ಪುಟ್ಟ ಪುಟ್ಟ ಕುರ್ಚಿಗಳು. ಮಾನಸಿ ಒಂದರಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ನಳಿನಾಕ್ಷಿ ಕುರ್ಚಿಯ ಆಯುಷ್ಯ ನೆನೆದು ನಿಂತೇ ಇದ್ದಳು. ಮುಖ್ಯಸ್ಥೆ ಪ್ರಭಾ ಮೇಡಂ ನಗುತ್ತ ಬಂದು ನಿಶುವಿನ ಮುಂದೆ ಕೂತು, ಚಿನ್ನಾ, ನಿನ್ನ ಹೆಸರೇನು, ಮನೆಯಲ್ಲಿ ಯಾರು ಯಾರಿದ್ದಾರೆ, ಅಮ್ಮನ ಹೆಸರೇನು ಎಂದೆಲ್ಲ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಕೇಳಿದರು. ಅದು ಫಾಸ್ಟ್ ಲೋಕಲ್ಲು. ಠಾಕುರ್ಲಿಯಲ್ಲಿ ನಿಲ್ಲುವಂಥದ್ದಲ್ಲ.

ನಿಶು ಕೈ ಎರಡೂ ಹಿಂದೆ ಕಟ್ಟಿ ನೆಟ್ಟಗೆ ನಿಂತಳು.

“ಪ್ಲೀಸ್ ಸ್ಪೀಕ್ ಸ್ಲೋಲಿ. ಐ ಆಮ್ ಲರ್ನಿಂಗ್ ಇಂಗ್ಲಿಷ್.”

ಮಾನಸಿ ಕುರ್ಚಿಯಿಂದ ಅರ್ಧ ಎದ್ದಳು. ನಳಿನಾಕ್ಷಿ ಮನಸ್ಸಿನಲ್ಲೇ, ಮಾಸ್ತರ್ರೇ, ನಿಮ್ಮ ಬುನಾದಿ ಇಲ್ಲಿಗೆ ಬಂದು ನಿಂತಿತು ನೋಡಿ ಎಂದುಕೊಂಡಳು.

ಪ್ರಭಾ ಮೇಡಂ ಕನ್ನಡಕ ಸರಿಮಾಡಿಕೊಂಡು, ಈ ಸಲ ಒಂದೊಂದೇ ಶಬ್ದ ಬಿಡಿಸಿ ಹೆಸರು ಕೇಳಿದರು. ನಿಶು ಹೆಸರು ಹೇಳಿದಳು. ಮೇಡಂ ಆನೆಯ ಚಿತ್ರದ ಕಾರ್ಡು ಎತ್ತಿ ಹಿಡಿದು, ಇದೇನು ಎಂದು ಕೇಳಿದರು.

ನಿಶು ಕಾರ್ಡನ್ನು ದಿಟ್ಟಿಸಿದಳು. ಮೇಡಂ ಅನ್ನು ದಿಟ್ಟಿಸಿದಳು. “ವಾಟ್ ಡೂ ಯೂ ಕಾಲ್ ದಿಸ್ ಇನ್ ಇಂಗ್ಲಿಷ್?”

ಮೇಡಂ ತಬ್ಬಿಬ್ಬಾಗಿ, “ಎಲಿಫೆಂಟ್,” ಎಂದರು.

“ಕುಡ್ ಯೂ ಸೇ ದಟ್ ಅಗೇನ್?”

“ಎ-ಲಿ-ಫೆಂಟ್.”

ನಿಶುವಿನ ಮುಖ ಬೆಳಗಿತು. ಒಂದು ಹೆಜ್ಜೆ ಮುಂದೆ ಬಂದು, ಪ್ರಭಾ ಮೇಡಮ್ಮರ ಕೆನ್ನೆಯನ್ನು ಪುಟ್ಟ ಬೆರಳುಗಳಲ್ಲಿ ಚಿವುಟಿ, “ಯೂ ಆರ್ ಗೆಟಿಂಗ್ ಬೆಟರ್!” ಎಂದಳು.

ಮಾನಸಿ ಕಣ್ಣು ಮುಚ್ಚಿಕೊಂಡಳು. ನಳಿನಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಷ್ಟರಲ್ಲಿ ಪ್ರಭಾ ಮೇಡಮ್ಮರ ಭುಜಗಳು ಅಲುಗತೊಡಗಿದವು. ಅವರು ಕಾರ್ಡುಗಳನ್ನು ನೆಲಕ್ಕೆ ಬಿಟ್ಟು, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ನಗು ನೋಡಿ ನಿಶುವೂ ನಕ್ಕಳು. ಬಾಗಿಲಲ್ಲಿದ್ದ ಆಯಾ ಏನೆಂದು ಗೊತ್ತಿಲ್ಲದೆ ನಕ್ಕಳು.

“ಹೂ ಟಾಟ್ ಹರ್?” ಎಂದು ಮೇಡಂ ಕೇಳಿದಾಗ ಮಾನಸಿಯ ಬೆರಳು ತಾನಾಗಿಯೇ ನಳಿನಾಕ್ಷಿಯ ಕಡೆ ತಿರುಗಿತು. ಮೇಡಂ ಎದ್ದು ಬಂದು, ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದರು.

“ಐ ಕ್ಯಾನ್ ಫಾಲೋ ಎ ಲಿಟಲ್, ಬಟ್ ಐ ಆಮ್ ನಾಟ್ ಫ್ಲೂಯೆಂಟ್,” ಎಂದಳು ನಳಿನಾಕ್ಷಿ. ಅದನ್ನೂ ನಂಬುವುದಿಲ್ಲವೆಂದು ಹೆದರಿ, “ನಿಜವಾಗಿ ಬರುವುದಿಲ್ಲ ಮೇಡಂ, ದೇವರಾಣೆ,” ಎಂದು ಕನ್ನಡದಲ್ಲೇ ಸೇರಿಸಿದಳು.

“ಅಯ್ಯೋ, ನೀವು ನಮ್ಮ ಕಡೆಯವರಾ?” ಎಂದರು ಪ್ರಭಾ ಮೇಡಂ. “ನಾನು ಮೂಡಬಿದ್ರೆ ಮಾರಾಯ್ರೆ!”

ಅಲ್ಲಿಂದ ಮುಂದಿನದ್ದೆಲ್ಲ ತುಳುವಿನಲ್ಲಿ ನಡೆಯಿತು. ಮಾನಸಿ ಪುಟ್ಟ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ನಳಿನಾಕ್ಷಿ ಕಲ್ಯಾಣದ ಕ್ಲಾಸು, ಮುಗಿಯದ ಪಾಠ ಒಂದು, ಎಲ್ಲ ಒಪ್ಪಿಸಿಬಿಟ್ಟಳು. ಪ್ರಭಾ ಮೇಡಮ್ಮರೂ ಒಂದು ಒಪ್ಪಿಸಿದರು. ಅವರ ಶಾಲೆಯ ಮಕ್ಕಳಿಗೆ ಪದ್ಯವೆಲ್ಲ ಬರುತ್ತದೆ. ಅರ್ಥವಾಗದಿದ್ದರೆ ಮಾತ್ರ ಅಳುತ್ತವೆ, ಇಲ್ಲವೇ ಎಲ್ಲಕ್ಕೂ ‘ಯೆಸ್’ ಅನ್ನುತ್ತವೆ. ತಾವು ಟೀಚರಾಗಿ ಕಳೆದ ಇಷ್ಟು ವರ್ಷಗಳಲ್ಲಿ ‘ಮೆಲ್ಲಗೆ ಹೇಳಿ’ ಎಂದ ಮಗು ಇದೇ ಮೊದಲು. ಇನ್ನು ಡೇ ಕೇರ್ ಎಂದು ಬೋರ್ಡು ಹಾಕಿದ್ದೇನೋ ಹೌದು, ಮಧ್ಯಾಹ್ನ ಊಟ ಮಾಡಿಸಿ ಮಲಗಿಸುವುದು ತಮ್ಮ ಹುಡುಗಿಯರಿಂದ ಆಗುತ್ತಿಲ್ಲ. ಒಂದು ಮಗು ಮಲಗಿದರೆ ಇನ್ನೊಂದು ಏಳುತ್ತದೆ, ಹುಡುಗಿಯರು ತಾವೇ ಅಳುತ್ತಾರೆ.

“ನೀವು ಹೇಗೆ ಮಲಗಿಸ್ತೀರಿ?”

“ನನ್ನ ಗಂಡ ಮಧ್ಯಾಹ್ನ ಹೋಟೆಲಿನಿಂದ ಬಂದು ಮಧ್ಯದಲ್ಲಿ ಮಲಗ್ತಾರೆ,” ಎಂದಳು ನಳಿನಾಕ್ಷಿ. “ಅವರ ಗೊರಕೆ ಕೇಳಿದರೆ ಮಕ್ಕಳಿಗೆ ಹತ್ತೇ ನಿಮಿಷ.”

ಮೂವರೂ ಬೀದಿಗೆ ಬಂದರು. ನಿಶು ಇಬ್ಬರ ಕೈಯಲ್ಲೂ ಜೋಕಾಲಿಯಾಡುತ್ತಿದ್ದಳು.

“ಜೂನ್ ಸೆ, ಬೆಳಿಗ್ಗೆ ಎರಡು ಗಂಟೆ ಜಂಬೋ,” ಎಂದಳು ಮಾನಸಿ. “ಬಾಕಿ ಪೂರಾ ದಿನ್ ನಿಮ್ಮ ಹತ್ತಿರ. ಔರ್ ಆಂಟಿ, ಜೂನ್‌ವರೆಗೆ ಎಲ್ಲೂ ಕಳಿಸಲ್ಲ.”

ನಳಿನಾಕ್ಷಿ ನಿಶುವನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ಇಸ್ತ್ರಿ ಸೀರೆಯ ನೆರಿಗೆಯೆಲ್ಲ ಚೆದುರಿಹೋಯಿತು.

ಸೋಮವಾರದ ಲೇಡೀಸ್ ಡಬ್ಬಿಯಲ್ಲಿ ಮಾನಸಿ ಕೆನ್ನೆ ಚಿವುಟಿದ ಕಥೆ ಹೇಳಿದಾಗ ಡೊಂಬಿವಲಿ ದಾಟಿತ್ತಷ್ಟೆ. ಠಾಣೆ ಬರುವಷ್ಟರಲ್ಲಿ ಗೊತ್ತುವಳಿ ಪಾಸಾಗಿತ್ತು: ಮಕ್ಕಳು ಎಲ್ಲಿಯೂ ಹೋಗುವುದಿಲ್ಲ. ಇದ್ದವರು ಉಳಿದದ್ದಲ್ಲದೆ, ಆ ವಾರವೇ ಮೂರು ಹೊಸ ಚೀಲಗಳು ಹೊಸಿಲು ದಾಟಿದವು. ಹೊಸ ವರ್ಷ ಬಂದ ಕೂಡಲೇ ಪ್ರಭಾ ಮೇಡಂ ತಮ್ಮ ಬೋರ್ಡಿನಿಂದ ಡೇ ಕೇರ್ ಅಳಿಸಿ, ಅಲ್ಲಿದ್ದ ಮಕ್ಕಳನ್ನೂ ಆಯಾಳ ಜೊತೆ ಮೆರವಣಿಗೆಯಲ್ಲಿ ಕಳಿಸಿದರು.

ಆ ಮಧ್ಯಾಹ್ನ ಬೂಬ ಹೋಟೆಲಿನಿಂದ ಬಂದು ಬಾಗಿಲು ತೆರೆದರೆ, ಗೋಡೆಯಿಂದ ಗೋಡೆಗೆ ಮಕ್ಕಳು. ಕಾಲಿಡಲು ಜಾಗವಿಲ್ಲ. ಅಡುಗೆಮನೆಯ ಹೊಸಿಲಿನ ಮೇಲೂ ಒಂದು ತಲೆ.

“ಎಂತ ಇದು?” ಎಂದು ಪಿಸುಗುಟ್ಟಿದ.

“ಮೆಲ್ಲ! ಈಗಷ್ಟೇ ಮಲಗಿದ್ದಾವೆ.”

“ನನಗೂ ಈ ಮನೆಯಲ್ಲಿ ಒಂದು ಅಡ್ಮಿಶನ್ ಮಾಡಿಸು ಮಾರಾಯ್ತಿ.”

“ಸೀಟು ಭರ್ತಿ,” ಎಂದಳು ನಳಿನಾಕ್ಷಿ, ಅವನ ಕೈಗೆ ದಿಂಬು ಕೊಡುತ್ತ. “ಬಾಲ್ಕನಿಯಲ್ಲಿ ವೇಟಿಂಗ್ ಲಿಸ್ಟ್ ಉಂಟು. ಬಾಗಿಲು ಮಾತ್ರ ಮುಚ್ಚಬೇಡಿ. ನಿಮ್ಮ ಗೊರಕೆ ಒಳಗೆ ಬರಬೇಕು.”

ಬೂಬ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಪುಟ್ಟ ಕೈಕಾಲುಗಳ ನಡುವೆ ತುದಿಗಾಲಿನಲ್ಲಿ ದಾರಿ ಹುಡುಕುತ್ತ, ಒಣಗಿದ ಚಡ್ಡಿಗಳ ಸಾಲನ್ನು ತಲೆಯಿಂದ ಸರಿಸಿ ಬಾಲ್ಕನಿಗೆ ಹೋದ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಆಗಷ್ಟೇ ಕಣ್ಣು ಬಿಡಲು ನೋಡುತ್ತಿದ್ದ ಒಂದು ಹೊಸ ಕೂಸು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಯಿತು.